ಫೆಬ್ರವರಿಲಿ ಚಿಕ್ಕ ಮಕ್ಕಳ ಜೊತೆ ಒಂದು ದಿನದ ಟ್ರಿಪ್: ಫಾಲ್ಸ್ ಬಿಡಿ, ಹಕ್ಕಿ ನೋಡೋಕೆ ಹೋಗಿ

ನಿಮ್ಮ ಮಕ್ಕಳಿಗೆ 3 ವರ್ಷ, 6 ವರ್ಷ, ಫೆಬ್ರವರಿಲಿ ಒಂದು ಭಾನುವಾರ ಬೆಂಗಳೂರಿಂದ ಬೆಳಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರ್ಬೇಕು, ಶಿವನಸಮುದ್ರ, ರಂಗನತಿಟ್ಟು, ಶ್ರೀರಂಗಪಟ್ಟಣ ಮೂರೂ ಒಂದೇ ದಿನ ಮುಗಿಸ್ಬಹುದಾ ಅಂತ ಕೇಳಿದೀರ. ಕಾರಿದ್ರೆ ಮುಗಿಸ್ಬಹುದು, ಆದ್ರೆ ದಯವಿಟ್ಟು ಹಾಗೆ ಮಾಡ್ಬೇಡಿ. ನಮ್ಮದು ಮಂಡ್ಯ ಕಡೆ, ನಮ್ಮ ಮಕ್ಕಳನ್ನೂ ಅಕ್ಕನ ಮಕ್ಕಳನ್ನೂ ಈ ಜಾಗಗಳಿಗೆಲ್ಲ ಸುಮಾರು ಸಲ ಕರ್ಕೊಂಡು ಹೋಗಿದೀವಿ, ಅದನ್ನ ಇಟ್ಕೊಂಡು ಹೇಳ್ತೀನಿ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಒಂದೇ ಜಾಗ ಸಾಕು, ಅದೂ ಆ ತಿಂಗಳಿಗೆ ಸರಿಯಾದ ಜಾಗ ಆಗಿರ್ಬೇಕು.

ಮೊದಲು ಫಾಲ್ಸ್ ವಿಷಯ. ಶಿವನಸಮುದ್ರದ ಗಗನಚುಕ್ಕಿ ಭರಚುಕ್ಕಿಗೆ ನೀರು ಬರೋದು ಕೆಆರ್‌ಎಸ್ ಮತ್ತೆ ಕಬಿನಿಯಿಂದ ಎಷ್ಟು ಬಿಟ್ಟಿದಾರೆ ಅನ್ನೋದರ ಮೇಲೆ. ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ಹತ್ರ ಬಂದು ಗೇಟ್ ತೆಗೆದ್ರು ಅಂತ ಟಿವಿಲಿ ನ್ಯೂಸ್ ಬಂದ್ರೆ ಆ ವಾರ ಗಗನಚುಕ್ಕಿಗೆ ಹೋಗ್ಬೇಕು, ಈಚೆ ದಡದಲ್ಲಿ ಕಟ್ಟೆ ಹತ್ರ ನಿಂತು ದೂರದಿಂದ ನೋಡೋದರಿಂದ ಮಕ್ಕಳಿಗೂ ಸೇಫ್. ಫೆಬ್ರವರಿಲಿ ಬರೀ ಬಂಡೆ ಕಾಣುತ್ತೆ, ಅಲ್ಲಲ್ಲಿ ಒಂದೆರಡು ಬಿಳಿ ಗೆರೆ ಥರ ನೀರು, ಅಷ್ಟು ದೂರ ಕೂತು ಬಂದ ಮಗುಗೆ ಅದನ್ನ ತೋರಿಸಿ ಏನ್ ಹೇಳ್ತೀರ. ರಂಗನತಿಟ್ಟು ಇದಕ್ಕೆ ಉಲ್ಟಾ, ಅದೇ ಕಾವೇರಿ ನೀರು ಜಾಸ್ತಿ ಬಿಟ್ಟಾಗ ಅಲ್ಲಿ ದ್ವೀಪಗಳು ಮುಳುಗಿ ಬೋಟ್ ನಿಲ್ಲಿಸ್ಬಿಡ್ತಾರೆ, ಹೊಳೆ ಇಳಿದು ಬಿಸಿಲು ಬಂದ ಮೇಲೇನೇ ಅದರ ಸೀಸನ್. ಅಂದ್ರೆ ಫಾಲ್ಸ್ ಚೆನ್ನಾಗಿರೋ ದಿನ ಬೋಟ್ ಇರಲ್ಲ, ಬೋಟ್ ಚೆನ್ನಾಗಿರೋ ದಿನ ಫಾಲ್ಸ್ ಇರಲ್ಲ, ಎರಡನ್ನೂ ಒಂದೇ ದಿನ ಇಟ್ಕೊಂಡಿರೋ ಪ್ಲಾನ್‌ಗಳನ್ನ ನೋಡಿದ್ರೆ ನಂಗೆ ಬೇಜಾರಾಗುತ್ತೆ, ಯಾವುದೋ ಒಂದು ಕಡೆ ಮಕ್ಕಳಿಗೆ ನಿರಾಸೆ ಗ್ಯಾರಂಟಿ.

ಹಾಗಾಗಿ ಫೆಬ್ರವರಿ ಅಂದ್ರೆ ಹಕ್ಕಿ. ಅದರಲ್ಲೂ ನನ್ನ ಮೊದಲ ಆಯ್ಕೆ ನಿಮ್ಮ ಲಿಸ್ಟಲ್ಲೇ ಇಲ್ಲದ ಕೊಕ್ಕರೆ ಬೆಳ್ಳೂರು. ಮದ್ದೂರು ತಾಲೂಕು, ಶಿಂಷಾ ಹೊಳೆ ಪಕ್ಕದ ಊರು, ಬೆಂಗಳೂರಿಂದ ಸುಮಾರು 80 ಕಿ.ಮೀ., ಹಳೇ ಮೈಸೂರು ರಸ್ತೆಲಿ ರುದ್ರಾಕ್ಷಿಪುರದ ಹತ್ರ ಎಡಕ್ಕೆ ತಿರುಗ್ಬೇಕು. ಇದು ಬೇಲಿ ಹಾಕಿರೋ ಪಾರ್ಕ್ ಅಲ್ಲ, ಮಾಮೂಲಿ ಹಳ್ಳಿ. ಮನೆ ಹಿತ್ತಲಲ್ಲಿ, ಬೀದಿ ಮೇಲೆ ಇರೋ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟಿರ್ತವೆ, ಅದರ ಜೊತೆಗೆ ಬಣ್ಣದ ಕೊಕ್ಕರೆ. ಕೆಳಗೆ ಹಸು ಕಟ್ಟಿರ್ತಾರೆ, ಅಜ್ಜಿ ಜಗಲಿ ಮೇಲೆ ಕೂತಿರ್ತಾರೆ, ಮೇಲೆ ಅಷ್ಟು ದೊಡ್ಡ ಹಕ್ಕಿ ಮರಿಗೆ ಊಟ ಕೊಡ್ತಿರುತ್ತೆ. 3 ವರ್ಷದ ಮಗುಗೆ ಬೈನಾಕ್ಯುಲರ್ ಹಿಡ್ಕೊಂಡು ನೋಡೋಕೆ ಬರಲ್ಲ, ಎಲ್ಲೋ ದೂರದ ಕೊಂಬೆ ತೋರಿಸಿದ್ರೆ ಅದಕ್ಕೆ ಗೊತ್ತಾಗಲ್ಲ, ಇಲ್ಲಿ ತಲೆ ಎತ್ತಿದ್ರೆ ಸಾಕು, ಅದಕ್ಕೇ ಈ ಊರು ಚಿಕ್ಕ ಮಕ್ಕಳಿಗೆ ಇಷ್ಟು ಹಿಡಿಸೋದು.

ಹೆಜ್ಜಾರ್ಲೆ ಮರಿ ತಿನ್ನೋದನ್ನ ಮಕ್ಕಳಿಗೆ ತೋರಿಸಲೇಬೇಕು. ತಾಯಿ ಕೊಕ್ಕಿನ ಕೆಳಗಿನ ಚೀಲದೊಳಗೆ ಮರಿ ತಲೆ ತೂರಿಸಿ ಮೀನು ತಿನ್ನುತ್ತೆ, ಮೊದಲ ಸಲ ನೋಡಿದಾಗ ನಮ್ಮ ಅಕ್ಕನ ಮಗಳು ಅಮ್ಮ ಮರೀನ ನುಂಗ್ತಿದೆ ಅಂತ ಅತ್ತೇಬಿಟ್ಟಳು, ಆಮೇಲೆ ಅಲ್ಲಿಂದ ಎಬ್ಬಿಸಿಕೊಂಡು ಬರೋದೇ ಕಷ್ಟ ಆಯ್ತು. ಮರಿಗಳ ಗಲಾಟೆ ಜೋರಾಗಿರುತ್ತೆ, ವಾಸನೆನೂ ಇರುತ್ತೆ, ಹಿಕ್ಕೆ ಮೇಲೆ ಬೀಳುತ್ತೆ, ಮೀನು ಕೆಳಗೆ ಬೀಳುತ್ತೆ, ಇದನ್ನೆಲ್ಲ ಮನೇಲೇ ಹೇಳಿ ಕರ್ಕೊಂಡು ಹೋಗಿ, ಒಂದು ಹಳೇ ಟೋಪಿ ಹಾಕಿಸಿ. ಆ ಹಿಕ್ಕೆಯನ್ನೇ ಊರಿನವರು ಗೊಬ್ಬರ ಮಾಡ್ಕೋತಾರೆ ಅಂತ 6 ವರ್ಷದವರಿಗೆ ಹೇಳಿದ್ರೆ ಅದೇ ದೊಡ್ಡ ಕಥೆ ಅವರಿಗೆ. ಊರಿನವರು ಈ ಹಕ್ಕಿಗಳನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾನೇ ನೋಡ್ಕೊಂಡು ಬಂದಿದಾರೆ, 2007ರಲ್ಲಿ ಸರ್ಕಾರ ಇದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು ನಿಜ, ಆದ್ರೆ ಅದಕ್ಕಿಂತ ಎಷ್ಟೋ ಮೊದಲಿಂದ ಕಾಪಾಡಿದ್ದು ಆ ಊರಿನ ಜನಾನೇ. ಹಾಗಾಗಿ ಯಾರದೋ ಮನೆ ಹಿತ್ತಲಿಗೆ ಹೋಗೋ ಮುಂಚೆ "ಅಮ್ಮಾ, ಒಳಗೆ ಬಂದು ನೋಡ್ಬಹುದಾ" ಅಂತ ಕೇಳಿ, ಮಕ್ಕಳು ಇದ್ರೆ ಅವರೇ ಖುಷಿಯಾಗಿ ಕರೆದು ತೋರಿಸ್ತಾರೆ. ಕಲ್ಲು ಎಸೆಯೋದು, ಚಪ್ಪಾಳೆ ತಟ್ಟಿ ಹಾರಿಸೋದು, ಡ್ರೋನ್ ಬಿಡೋದು ಇದ್ಯಾವುದೂ ಬೇಡ, ಗಾಬರಿಯಾಗಿ ತಾಯಿ ಎದ್ದರೆ ಮರಿ ಗೂಡಿಂದ ಬೀಳ್ಬಹುದು. ಇದನ್ನ ನಾನು ಬೇಡ್ಕೊಂಡೇ ಹೇಳ್ತೀನಿ.

ಬೆಳಗ್ಗೆ ಆರೂವರೆಗೆ ಹೊರಡಿ. ಎಕ್ಸ್‌ಪ್ರೆಸ್‌ವೇ ಊರುಗಳನ್ನೆಲ್ಲ ಬಿಟ್ಟು ಹೋಗುತ್ತೆ, ಬಿಡದಿ ತಟ್ಟೆ ಇಡ್ಲಿ ಬೇಕು ಅಂದ್ರೆ ಹಳೇ ರೋಡಲ್ಲೇ ಹೋಗ್ಬೇಕು, ಮಕ್ಕಳಿಗೂ ಒಂದು ಸಲ ಇಳಿದು ಓಡಾಡೋಕೆ ಆಗುತ್ತೆ, ಬಾತ್‌ರೂಮ್ ಕೆಲಸಾನೂ ಅಲ್ಲೇ ಮುಗಿಸ್ಕೊಳ್ಳಿ. ಊರಲ್ಲಿ ಹೋಟೆಲ್ ಅಂತ ನಂಬ್ಕೊಬೇಡಿ, ಮೊಸರನ್ನ, ಚಪಾತಿ, ನೀರು ಡಬ್ಬಿಲಿ ಇರ್ಲಿ. ಹನ್ನೊಂದು ಗಂಟೆ ಮೇಲೆ ಬಿಸಿಲು ಜೋರು, ಅಷ್ಟರಲ್ಲಿ ನೋಡಿ ಮುಗಿಸಿ ವಾಪಸ್ ಬರ್ತಾ ಮದ್ದೂರು ಕಡೆ ಹೋಗಿ ವಡೆ ತಿಂದ್ರೆ ಚಿಕ್ಕವರು ಕಾರಲ್ಲೇ ಮಲ್ಕೋತಾರೆ, ಸಂಜೆ ನಾಲ್ಕಕ್ಕೆ ಮನೇಲಿರ್ತೀರ.

ರಂಗನತಿಟ್ಟೇ ಬೇಕು ಅಂದ್ರೆ ಅದಕ್ಕೆ ಬೇರೆ ದಿನ ಇಡಿ, ಅದೂ ಬಹಳ ಒಳ್ಳೇ ಜಾಗ. ಹಳೇ ಮೈಸೂರು ಅರಸರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಆದ ಸಣ್ಣ ಸಣ್ಣ ತಿಟ್ಟುಗಳು ಅವು, ಪಕ್ಷಿತಜ್ಞ ಸಲೀಂ ಅಲಿ ನೋಡಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬೋಟಲ್ಲಿ ಹೋದ್ರೆ ಮೊಸಳೆ ಬಂಡೆ ಮೇಲೆ ಬಾಯಿ ತೆರ್ಕೊಂಡು ಮಲಗಿರೋದು ಹತ್ತಿರದಿಂದ ಕಾಣುತ್ತೆ, ಸಿಟ್ಟಲ್ಲ, ಮೈ ತಂಪು ಮಾಡ್ಕೊಳ್ಳೋಕೆ ಹಾಗೆ ತೆರೆಯೋದು. ಚಮಚದ ಥರ ಕೊಕ್ಕಿರೋ ಹಕ್ಕಿ, ಕೊಕ್ಕಿನ ಮಧ್ಯೆ ಸಂದಿ ಇರೋ ಬಾಯ್ಕಳಕ, ಮರದಲ್ಲಿ ತಲೆಕೆಳಗಾಗಿ ನೇತಾಡೋ ಬಾವಲಿ, 6 ವರ್ಷದವರಿಗೆ ಪ್ರಶ್ನೆ ಕೇಳೋಕೆ ಬೇಕಾದಷ್ಟಿದೆ. ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಭಾನುವಾರ ಮಧ್ಯಾಹ್ನ ಬೋಟ್ ಕ್ಯೂಲಿ ಮಕ್ಕಳನ್ನ ನಿಲ್ಲಿಸೋದು ಹಿಂಸೆ. ಲೈಫ್ ಜಾಕೆಟ್ ಚಿಕ್ಕವರ ಮೈಗೆ ಸರಿಯಾಗಿ ಕೂತಿದೆಯಾ ನೋಡಿ, 3 ವರ್ಷದವರನ್ನ ಬೋಟಿನ ಅಂಚಿಗೆ ಕೂರಿಸದೆ ಮಧ್ಯೆ ತೊಡೆ ಮೇಲೆ ಕೂರಿಸ್ಕೊಳ್ಳಿ, ಕೈ ನೀರಿಗೆ ಇಳಿಬಿಡೋದು ಖಂಡಿತ ಬೇಡ.

ಟ್ರೈನಲ್ಲೂ ಹೋಗ್ಬಹುದು, ಶ್ರೀರಂಗಪಟ್ಟಣದಲ್ಲಿ ಎಲ್ಲ ಟ್ರೈನ್ ನಿಲ್ಲಲ್ಲ, ನಿಲ್ಲೋದು ನೋಡಿ ಹತ್ತಿ, ಅಲ್ಲಿಂದ ಆಟೋ. ಸ್ಟೇಷನ್‌ಗೆ ಮುಂಚೆ ಕಾವೇರಿ ಸೇತುವೆ ದಾಟೋದು ಮಕ್ಕಳಿಗೆ ಬೇರೇನೇ ಖುಷಿ.

ಒಂದೇ ಒಂದು ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ವಾಪಸ್ ಬರ್ತಾ ಕಾವೇರಿ ದಡದ ಬಲಮುರಿಲೋ ಶ್ರೀರಂಗಪಟ್ಟಣದ ಸಂಗಮದಲ್ಲೋ ಮಕ್ಕಳನ್ನ ನೀರಿಗೆ ಇಳಿಸೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೊಬೇಡಿ. ಮೇಲೆ ನೀರು ಶಾಂತವಾಗಿ ಕಾಣುತ್ತೆ, ಕೆಳಗೆ ಬಂಡೆ ಜಾರುತ್ತೆ, ಗುಂಡಿ ಇರುತ್ತೆ, ಡ್ಯಾಮಿಂದ ನೀರು ಬಿಟ್ರೆ ಹೊಳೆ ಏಕಾಏಕಿ ಏರುತ್ತೆ, ಪಿಕ್ನಿಕ್‌ಗೆ ಬಂದವರು ಅಲ್ಲಿ ಮುಳುಗಿದ ಸುದ್ದಿ ನಮ್ಮ ಕಡೆ ಪೇಪರಲ್ಲಿ ಮತ್ತೆ ಮತ್ತೆ ಬರುತ್ತೆ. ನೀರಾಟ ಬೇಕೇ ಬೇಕು ಅಂದ್ರೆ ಮನೆಗೆ ಬಂದು ಬಕೆಟಲ್ಲಿ ಆಡಿಸಿ.

ಇನ್ನು ತಾರೀಕು. ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ವಾರದೊಳಗೆ ಇಟ್ಕೊಳ್ಳಿ, ಮರಿಗಳು ಚೆನ್ನಾಗಿ ಕಾಣ್ತವೆ, ಬಿಸಿಲೂ ಇನ್ನೂ ತಡ್ಕೊಳ್ಳೋ ಹಾಗಿರುತ್ತೆ. ಭಾನುವಾರದ ಬದಲು ಶನಿವಾರ ಆದ್ರೆ ಇನ್ನೂ ಒಳ್ಳೇದು, ಮಾರನೇ ದಿನ ಮಕ್ಕಳು ಎದ್ದಷ್ಟೊತ್ತಿಗೆ ಎದ್ದರೆ ಆಯ್ತು.