ಮಕ್ಕಳನ್ನು ಬೆಳೆಸೋಕೂ ಕ್ಲಾಸಾ?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ಮಗನಿಗೆ ನಾಲ್ಕೂವರೆ ವರ್ಷ. ಬೇಕು ಅಂದದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಉರುಳಾಡುತ್ತಾನೆ, ಕಚ್ಚುತ್ತಾನೆ. ಡಾಕ್ಟರು ಔಷಧ ಕೊಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಹನ್ನೆರಡು ವಾರ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ಬೇರೆ ಪಾಲಕರ ಜೊತೆ ಕೂತು ಕಲಿಯಿರಿ ಅಂದರು. 'ನಾ ಆರು ಮಕ್ಕಳನ್ನ ಬೆಳಸೀನಿ, ಯಾವ ಕ್ಲಾಸಿಗೆ ಹೋಗಿದ್ದೆ?' ಅಂತಾರೆ ಅತ್ತೆ. ಮನೆ ವಿಷಯ ನಾಲ್ಕು ಮಂದಿ ಎದುರು ಹೇಳೋಕೆ ನನಗೂ ನಾಚಿಕೆ. ಹೋಗಲೇಬೇಕಾ?"

ಹೋಗಿ ತಂಗಿ. ಈ ವಾರವೇ ಹೋಗಿ.

ನಿಮ್ಮ ಅತ್ತೆಯವರ ಮಾತು ಸುಳ್ಳಲ್ಲ. ಆರು ಮಕ್ಕಳನ್ನು ಸಾಕಿದವರಿಗೆ ಗೊತ್ತಿರೋದು ಜಾಸ್ತಿಯೇ. ಆದರೆ ಅವರೂ ಒಬ್ಬರೇ ಸಾಕಲಿಲ್ಲ, ಅಲ್ವಾ? ಓಣಿ ಇತ್ತು, ಕಟ್ಟೆ ಇತ್ತು. ಶ್ಯಾವಿಗೆ ಹೊಸೆಯುತ್ತಾ, ಹಪ್ಪಳ ಲಟ್ಟಿಸುತ್ತಾ "ನಮ್ಮ ಹುಡುಗನೂ ಹಂಗ ಮಾಡ್ತಿದ್ದ" ಅನ್ನೋರು ಪಕ್ಕದಲ್ಲೇ ಇದ್ದರು. ನಿಮಗೆ ಆ ಕಟ್ಟೆ ಸಿಕ್ಕಿಲ್ಲ. ಡಾಕ್ಟರು ನಿಮ್ಮನ್ನು ಕಳಿಸುತ್ತಿರೋದು ಅಲ್ಲಿಗೇ.

ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಇಂಥ ಮಕ್ಕಳ ಮನೆಗಳಿಗೇ ಹೋಗಿ ಕೂತು ನೋಡಿತು. ಅವರು ಕಂಡದ್ದು ಹೆಚ್ಚುಕಮ್ಮಿ ಹೀಗೆ. ಮಗು ಬಿಸ್ಕೀಟಿಗೆ ಕಿರುಚುತ್ತದೆ. ಅಮ್ಮ ಬೇಡ ಅನ್ನುತ್ತಾಳೆ. ಕಿರುಚಾಟ ಏರುತ್ತದೆ. ಸಾಕಾಗಿ ಕೊಟ್ಟುಬಿಡುತ್ತಾಳೆ. ಮನೆ ತಣ್ಣಗಾಗುತ್ತದೆ. ಕಿರುಚಿದರೆ ಸಿಗುತ್ತೆ ಅಂತ ಮಗು ಕಲಿಯಿತು, ಕೊಟ್ಟರೆ ಸುಮ್ಮನಾಗುತ್ತೆ ಅಂತ ಅಮ್ಮ ಕಲಿತಳು. ನಾಳೆಯೂ ಅದೇ. ಇದನ್ನು ಬಿಡಿಸೋಕೆ ಮಗುವಿಗೆ ಔಷಧ ಕುಡಿಸಿ ಏನು ಪ್ರಯೋಜನ?

ಅಮೆರಿಕದ್ದೇ ಸಿಯಾಟಲ್‌ನ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ವೆಬ್‌ಸ್ಟರ್-ಸ್ಟ್ರ್ಯಾಟನ್ ಹತ್ತು ಹನ್ನೆರಡು ಪಾಲಕರನ್ನು ಒಟ್ಟಿಗೆ ಕೂರಿಸಿ, ಸಣ್ಣ ಸಣ್ಣ ವಿಡಿಯೊ ತೋರಿಸಿ, ಮಾತಾಡಿಸಿ ಕಲಿಸಿದರು. ಇಂಥ ಗುಂಪುಗಳ ಮೇಲಿನ 13 ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಒಟ್ಟಿಗಿಟ್ಟು ನೋಡಿತು. ಮಕ್ಕಳ ರಂಪ ಕಡಿಮೆಯಾಗಿತ್ತು. ಹೆತ್ತವರ ಮನಸ್ಸೂ ಹಗುರಾಗಿತ್ತು. ಈ ಲಾಭ ವರ್ಷಗಟ್ಟಲೆ ಉಳಿಯುತ್ತೆ ಅನ್ನೋಕೆ ಅಲ್ಲಿ ಸಾಕಷ್ಟು ಪುರಾವೆ ಇರಲಿಲ್ಲ, ನಿಜ. ಕಿವಿ ಕೇಳಿಸದೆ, ಮಾತು ಬಾರದೆ ಸಿಟ್ಟಾಗುವ ಮಕ್ಕಳೂ ಇದ್ದಾರೆ. ಅದನ್ನು ಡಾಕ್ಟರೇ ನೋಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಿಲ್ಲ.

ನಾಚಿಕೆ ಅಂದಿರಿ. ಧಾರವಾಡದಲ್ಲಿ ಇಂಥದೊಂದು ಗುಂಪಿನ ಹಿಂದೆ ನಾನು ಒಂದು ಸಂಜೆ ಕೂತಿದ್ದೆ. ಜಮಖಾನದ ಮೇಲೆ ಹತ್ತು ತಾಯಂದಿರು, ಒಬ್ಬ ಅಪ್ಪ. ದಿನಾ ಹತ್ತು ನಿಮಿಷ ಮಗು ಹೇಳಿದ ಆಟ ಆಡಬೇಕು, ತಿದ್ದಬಾರದು. ಅದು ಹಿಂದಿನ ವಾರದ ಹೋಂವರ್ಕ್. ಒಬ್ಬ ತಾಯಿ ಹೇಳಿದರು: "ಡಬ್ಬಿ ಮ್ಯಾಲೆ ಡಬ್ಬಿ ಇಟ್ಟ. ಬೀಳ್ತಾವ ಅನ್ನಾಕ ಬಾಯಿ ತಗದಿದ್ದೆ, ತಡಕೊಂಡೆ. ಬಿದ್ದೂ ಬಿದ್ವು. ನನ್ನ ಮಾರಿ ನೋಡಿದ. ನಾ ಬೈಲಿಲ್ಲ. ತಾನ ಆರಿಸಿ ಮತ್ತ ಇಟ್ಟ." ಅಷ್ಟು ಹೇಳಿ ಅತ್ತರು. ಪಕ್ಕದಾಕೆ ಅವರ ಕೈ ಹಿಡಿದು, "ನಾನೂ ಹೊಡೀತೀನ್ರಿ" ಅಂದರು. ಅಲ್ಲಿ ಯಾರೂ ಯಾರನ್ನೂ ನೋಡಿ ನಗಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಒಬ್ಬನೇ ಅಪ್ಪನನ್ನು ನೋಡಿ. ಉಳಿದವರೆಲ್ಲಿ? ಬಹುಮಾನ ತಂದರೆ ನನ್ನ ಮಗ, ರಂಪ ಮಾಡಿದರೆ ನಿನ್ನ ಮಗ! ಶಾಲೆಗಳದ್ದೂ ಇದೇ ಕಥೆ. ನಾಲ್ಕು ವರ್ಷದ ಕೂಸಿಗೆ ಪುಟಗಟ್ಟಲೆ ಬರೆಸುತ್ತಾರೆ, ಓಡೋಕೆ ಬಯಲಿಲ್ಲ, ಕೂರದಿದ್ದರೆ ಟಿಸಿ ತಗೊಳ್ಳಿ ಅಂತಾರೆ. 1975ರಲ್ಲಿ ಶುರುವಾದ ಅಂಗನವಾಡಿ ಇವತ್ತು ಹಳ್ಳಿಹಳ್ಳಿಯಲ್ಲಿದೆ. ತಾಯಂದಿರ ಸಭೆಯೂ ನಡೆಯುತ್ತದೆ. ತೂಕ, ಚುಚ್ಚುಮದ್ದಿನ ಮಾತಿನ ಜೊತೆ ಇದನ್ನೂ ಸೇರಿಸಿದ್ದರೆ ನೀವು ಹುಬ್ಬಳ್ಳಿ ಬಸ್ಸು ಹತ್ತಬೇಕಿತ್ತಾ?

ನಮಗೆ ಇಷ್ಟು ಬಿಚ್ಚಿ ಬರೆದ ನಿಮಗೆ ಅಲ್ಲಿ ಮಾತಾಡೋದು ಕಷ್ಟವಾಗಲ್ಲ. ಯಜಮಾನರನ್ನು ಬಿಡದೆ ಕರೆದುಕೊಂಡು ಹೋಗಿ. ಸಾಧ್ಯವಾದರೆ ಒಂದು ವಾರ ಅತ್ತೆಯವರನ್ನೂ. ನೀವು ಬೇಡ ಅಂದದ್ದನ್ನು ಅವರು ಸೆರಗಲ್ಲಿ ಮುಚ್ಚಿ ಕೊಟ್ಟರೆ ಹನ್ನೆರಡು ವಾರವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೊತೆಗೆ, ಆರು ಮಕ್ಕಳನ್ನು ಬೆಳೆಸಿದ ಅವರ ಮಾತು ಆ ಜಮಖಾನದ ಮೇಲೆ ಕೂತವರಿಗೂ ಬೇಕು.