ಪದ್ಮಿನಿಗೆ ರೋಲ್ ಕೇಜ್: ಮೊದಲು ತಳ ಕುಟ್ಟಿ ನೋಡಿ

ಪ್ರಶ್ನೆ: ನಮ್ಮ ಕಾಕಾ ಅವರ 1978ರ ಪ್ರೀಮಿಯರ್ ಪದ್ಮಿನಿಯನ್ನು ಹಳೆ ಕಾರುಗಳ ಟ್ರ್ಯಾಕ್ ರೇಸಿಗೆ ಸಜ್ಜು ಮಾಡುತ್ತಿದ್ದೇನೆ. ಹುಬ್ಬಳ್ಳಿ ಗೋಕುಲ ರಸ್ತೆಯ ಫ್ಯಾಬ್ರಿಕೇಶನ್‌ನವರೊಬ್ಬರು, ಗೇಟಿಗೆ ಹಾಕುವ ಇಆರ್‌ಡಬ್ಲ್ಯೂ ಪೈಪಿನಲ್ಲೇ ರೋಲ್ ಕೇಜ್ (ಕಾರು ಉರುಳಿದಾಗ ಒಳಗಿದ್ದವರನ್ನು ಕಾಯುವ ಕೊಳವೆಗಳ ಚೌಕಟ್ಟು) ಮಾಡಿ ಚಾಸಿಗೆ ವೆಲ್ಡ್ ಹೊಡೆದುಕೊಡುತ್ತೇನೆ ಅಂತಾರೆ. ವೆಲ್ಡ್ ಒಳ್ಳೆಯದೋ ಬೋಲ್ಟೋ? ಕೇಜ್ ಕೂರಿಸಿದ ಮೇಲೆ ಊರಲ್ಲಿ ಓಡಿಸಬಹುದೇ?
– ಓದುಗರು, ಗದಗ

ಉತ್ತರ: ಪೈಪ್ ಕೊಳ್ಳುವ ಮೊದಲು ಕಾರ್ಪೆಟ್ ಕಿತ್ತು ಹಾಕಿ. ಬಾಗಿಲ ಕೆಳಗಿನ ಸಿಲ್ಲನ್ನೂ ಫ್ಲೋರನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತ ಹೋಗಿ. ಠಣ್ ಅಂದರೆ ಸರಿ. ದಬ್ ಅಂದ ಕಡೆ ತುದಿಯಿಂದ ಚುಚ್ಚಿ. ಕೆಂಪು ಪುಡಿ ಉದುರಿದರೆ ತುಕ್ಕು ಅಲ್ಲಿ ತಗಡನ್ನು ತಿಂದಿದೆ.

ಪದ್ಮಿನಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಕಾರು ಉರುಳಿದಾಗ ಭಾರವೆಲ್ಲ ಕೇಜಿನ ಕಾಲುಗಳಿಂದ ಆ ತಗಡಿಗೇ ಇಳಿಯುತ್ತದೆ. ತಗಡು ಕೊಳೆತಿದ್ದರೆ ಕಾಲು ಅದನ್ನು ತೂರಿಕೊಂಡು ಹೊರಬರುತ್ತದೆ, ಮೇಲಿನ ಕಮಾನು ನಿಮ್ಮ ತಲೆಯತ್ತ ಇಳಿಯುತ್ತದೆ. ಕೊಳೆತಷ್ಟನ್ನೂ ಕತ್ತರಿಸಿ ಹೊಸ ತಗಡು ಹಾಕಿಸಿ. ಪ್ಯಾಚ್ ಮೇಲೆ ಪ್ಯಾಚ್ ಬೇಡ.

ಗೇಟಿನ ಪೈಪ್ ಖಂಡಿತ ಬೇಡ. ಅದು ಪಟ್ಟಿಯನ್ನು ಸುತ್ತಿ ಉದ್ದಕ್ಕೂ ಬೆಸೆದದ್ದು. ಒಳಗೆ ಬೆರಳಾಡಿಸಿದರೆ ಸಾಮಾನ್ಯವಾಗಿ ಆ ಬೆಸುಗೆಯ ಏಣು ಕೈಗೆ ಸಿಗುತ್ತದೆ. ಮೋಟಾರು ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎಯ ನಿಯಮಾವಳಿಯ ಅನುಬಂಧ ಜೆ, ಕಲಂ 253 ಕೇಳುವುದು ಬೆಸುಗೆಯಿಲ್ಲದ, ತಣ್ಣಗಿರುವಾಗಲೇ ಎಳೆದು ಮಾಡಿದ (ಕೋಲ್ಡ್ ಡ್ರಾನ್ ಸೀಮ್‌ಲೆಸ್) ಉಕ್ಕಿನ ಕೊಳವೆ. ಸೀಟಿನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2. ಉಳಿದ ಕೊಳವೆಗಳಲ್ಲಿ ಹೆಚ್ಚಿನವಕ್ಕೆ 38ಕ್ಕೆ 2.5 ಅಥವಾ 40ಕ್ಕೆ 2 ಸಾಕು. ದುಡ್ಡು ಕೊಡುವ ಮೊದಲು, ನೀವು ಇಳಿಯುವ ವರ್ಗದ ನಿಯಮವನ್ನು ಭಾರತದ ಮೋಟಾರು ರೇಸ್ ಒಕ್ಕೂಟ ಎಫ್‌ಎಂಎಸ್‌ಸಿಐನಿಂದ ತರಿಸಿಕೊಂಡು ಮಿಸ್ತ್ರಿಯ ಮುಂದೆಯೇ ಓದಿ.

ಕಾಕಾ ಅವರ ಕಾರನ್ನು ಮುಂದೊಂದು ದಿನ ಮೊದಲಿನಂತೆ ಮಾಡುವ ಆಸೆ ನಿಮಗಿದ್ದರೆ ಬೋಲ್ಟಿನ ಕೇಜೇ ಇರಲಿ, ನಾನಾದರೂ ಅದನ್ನೇ ಹಾಕಿಸುತ್ತಿದ್ದೆ. ಮುಖ್ಯ ಕಮಾನಿನ ಪ್ರತಿ ಕಾಲಿನಡಿ ಬಾಡಿಯ ತಗಡಿಗೆ ಬೆಸೆದ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ತಟ್ಟೆ, ಅದಕ್ಕೆ 8.8 ದರ್ಜೆಯ ಮೂರು ಎಂ8 (8 ಮಿ.ಮೀ.) ಬೋಲ್ಟ್ ಇರಬೇಕು. ರೇಸಿಗೇ ಮೀಸಲಾದ ಕಾರಾದರೆ ವೆಲ್ಡ್ ಹೆಚ್ಚು ಬಿಗಿ. ಆದರೆ ಛಾವಣಿಗೆ ಅಂಟಿದ ಜೋಡಣೆಯ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ, ಎಷ್ಟೋ ಕಡೆ ಕೆಳಗಿನ ಅರ್ಧವನ್ನಷ್ಟೇ ಬೆಸೆದು ಪೇಂಟ್ ಹೊಡೆದುಬಿಡುತ್ತಾರೆ. ಬಲ್ಲ ಮಿಸ್ತ್ರಿ ಕಾಲುಗಳ ಜಾಗದಲ್ಲಿ ಫ್ಲೋರಿಗೆ ತೂತು ಕೊರೆದು, ಇಡೀ ಕೇಜನ್ನು ಕೆಳಗಿಳಿಸಿ ಜೋಡಣೆಯನ್ನು ಸುತ್ತಲೂ ಬೆಸೆದು, ಮತ್ತೆ ಎತ್ತಿ ಕಾಲುಗಳ ಕೆಳಗೆ ತಟ್ಟೆ ಕೊಡುತ್ತಾನೆ. ಪೇಂಟಿಗೆ ಮುಂಚೆ ಛಾವಣಿಯ ಸಂದಿಯಲ್ಲಿ ಕನ್ನಡಿ ಹಿಡಿದು ನೀವೇ ನೋಡಿ.

ಊರಲ್ಲಿ ಓಡಿಸುವುದು ಬೇಡ. ಹೆಲ್ಮೆಟ್ ಮತ್ತು ರೇಸಿಂಗ್ ಬೆಲ್ಟ್ ಇಲ್ಲದೆ ಕೂತರೆ ಸಣ್ಣ ಡಿಕ್ಕಿಗೂ ತಲೆ ಉಕ್ಕಿನ ಕೊಳವೆಗೆ ಬಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಕಂಪನಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಕೊಯಮತ್ತೂರಿನ ಟ್ರ್ಯಾಕಿಗಿರಲಿ, ಚೆನ್ನೈನ ಟ್ರ್ಯಾಕಿಗಿರಲಿ, ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡೇ ಹೋಗಿ.