ಓದುಗರ ಪ್ರಶ್ನೆ: ಸಂವಿಧಾನಕ್ಕೆ ಬೇರೆಯದೇ ನೈತಿಕತೆ ಇದೆಯೇ?

ಪ್ರಶ್ನೆ: ಪ್ರಜಾಪ್ರಭುತ್ವದಲ್ಲಿ ಕಾನೂನು ಜನರ ಇಚ್ಛೆಯಂತೆ ಇರಬೇಕೆಂದು ಓದಿಕೊಂಡು ಬಂದಿದ್ದೇವೆ. ಆದರೆ ಸಲಿಂಗಕಾಮದ ವಿಷಯದಲ್ಲೂ ಶಬರಿಮಲೆಯ ವಿಷಯದಲ್ಲೂ ಸುಪ್ರೀಂ ಕೋರ್ಟ್ ‘ಸಾಂವಿಧಾನಿಕ ನೈತಿಕತೆ’ ಎಂಬ ಮಾತನ್ನು ಮುಂದಿಟ್ಟು, ಬಹುಜನರು ಒಪ್ಪಿದ ನೈತಿಕತೆಯನ್ನು ಬದಿಗೆ ಸರಿಸಿತು. ಸಂವಿಧಾನಕ್ಕೆ ಬೇರೆಯದೇ ನೈತಿಕತೆ ಇದೆಯೇ? ಇದ್ದರೆ ಅದನ್ನು ನಿರ್ಧರಿಸುವವರು ಯಾರು?
— ನಿವೃತ್ತ ಶಿಕ್ಷಕರೊಬ್ಬರು, ಧಾರವಾಡ

ಉತ್ತರ: ಈ ಮಾತು ನಮ್ಮಲ್ಲಿಗೆ ಬಂದ ಬಗೆಯನ್ನು ಮೊದಲು ನೋಡೋಣ. 1948ರ ನವೆಂಬರ್ 4ರಂದು ಕರಡನ್ನು ಸಂವಿಧಾನ ರಚನಾ ಸಭೆಯ ಮುಂದಿಟ್ಟ ಡಾ. ಬಿ.ಆರ್. ಅಂಬೇಡ್ಕರ್ ಅವರು, ಗ್ರೀಸಿನ ಇತಿಹಾಸವನ್ನು ಬರೆದ ಇಂಗ್ಲಿಷ್ ಇತಿಹಾಸಕಾರ ಜಾರ್ಜ್ ಗ್ರೋಟ್ ಅವರ ಬರಹದಿಂದ ಇದನ್ನು ಎತ್ತಿಕೊಂಡರು. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲಿ ಏಕೆ ತುಂಬಿದಿರಿ ಎಂಬ ಟೀಕೆಗೆ ಅವರು ಕೊಟ್ಟ ಉತ್ತರದಲ್ಲಿ ಅದು ಬರುತ್ತದೆ. ಸಂವಿಧಾನದ ಒಂದಕ್ಷರವನ್ನೂ ಮುಟ್ಟದೆ, ಆಡಳಿತದ ರೀತಿಯನ್ನಷ್ಟೇ ಬದಲಿಸಿ ಅದರ ಆಶಯವನ್ನು ಕೆಡಿಸಬಹುದು. ಸಂವಿಧಾನದ ಬಗೆಗಿನ ನಿಷ್ಠೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಅದನ್ನು ರೂಢಿಸಿಕೊಳ್ಳಬೇಕು. ನಮ್ಮ ಜನ ಅದನ್ನಿನ್ನೂ ಕಲಿಯಬೇಕಾಗಿದೆ ಎಂಬುದು ಅವರ ವಾದವಾಗಿತ್ತು. ಅಲ್ಲಿ ಅದರ ಅರ್ಥ ಮುಖ್ಯವಾಗಿ ಸಂಯಮ: ಎಲ್ಲರೂ ಒಪ್ಪಿದ ಕ್ರಮವನ್ನು, ಅದು ತಮಗೆ ಅನನುಕೂಲವಾದಾಗಲೂ, ಅಧಿಕಾರಸ್ಥರು ಮೀರದಿರುವುದು.

ವ್ಯಕ್ತಿಯ ಹಕ್ಕುಗಳ ಪ್ರಶ್ನೆಗೆ ಈ ಮಾತು ಬಲವಾಗಿ ಅನ್ವಯವಾದದ್ದು 2009ರಲ್ಲಿ, ಸಲಿಂಗಕಾಮವನ್ನು ಅಪರಾಧವಾಗಿಸಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ವಿಚಾರಣೆಯನ್ನು ದೆಹಲಿ ಹೈಕೋರ್ಟ್ ನಡೆಸಿದಾಗ. ಸಮಾಜದ ಅಸಮ್ಮತಿಯೊಂದನ್ನೇ ಆಧಾರವಾಗಿಟ್ಟುಕೊಂಡು ಮೂಲಭೂತ ಹಕ್ಕನ್ನು ಮೊಟಕುಗೊಳಿಸಲಾಗದೆಂದು ಅದು ಹೇಳಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡುವಾಗ ಸಲಿಂಗಕಾಮಿಗಳ ಸಂಖ್ಯೆ ತೀರಾ ಅಲ್ಪವೆಂಬುದನ್ನೂ ಎತ್ತಿ ಹೇಳಿತು. ಆ ಮಾತು ನನ್ನನ್ನು ಇಂದಿಗೂ ನೋಯಿಸುತ್ತದೆ. ಬಹುಸಂಖ್ಯಾತರಿಗೆ ಮತಪೆಟ್ಟಿಗೆಯ ಬಲವಿದೆ. ಮೂಲಭೂತ ಹಕ್ಕುಗಳ ಅಧ್ಯಾಯದ ಅಗತ್ಯ ಹೆಚ್ಚಾಗಿ ಬೀಳುವುದು ಆ ಬಲವಿಲ್ಲದವರಿಗೆ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ತಪ್ಪನ್ನು ತಿದ್ದಿತು. ಇಷ್ಟಕ್ಕೂ ಆ ಸೆಕ್ಷನ್ 1860ರಲ್ಲಿ ಬ್ರಿಟಿಷ್ ಆಡಳಿತ ಬರೆದದ್ದು. ಅದನ್ನು ನಮ್ಮ ಸಮಾಜದ ಸನಾತನ ನೈತಿಕತೆ ಎಂದು ಕರೆಯುವ ಮುನ್ನ ಯೋಚಿಸಬೇಕು.

ಆದರೂ ನಿರ್ಧರಿಸುವವರು ಯಾರೆಂಬ ನಿಮ್ಮ ಆತಂಕವನ್ನು ನಾನು ತಳ್ಳಿಹಾಕಲಾರೆ. ಸಂವಿಧಾನದ 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸುತ್ತದೆ. ಅಲ್ಲಿನ ‘ನೈತಿಕತೆ’ ಎಂದರೆ ಸಾಂವಿಧಾನಿಕ ನೈತಿಕತೆಯೆಂಬ ಅರ್ಥ ಎಲ್ಲ ವಯಸ್ಸಿನ ಮಹಿಳೆಯರಿಗೂ ದೇವಾಲಯ ಪ್ರವೇಶಕ್ಕೆ ಅವಕಾಶ ಕೊಟ್ಟ ಶಬರಿಮಲೆಯ ಬಹುಮತದ ತೀರ್ಪಿನ ಕಡೆಯಿಂದ ಬಂತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಅದೇ ಮಾತನ್ನು ಬಳಸಿ, ಬಹುಧರ್ಮೀಯ ಸಮಾಜದಲ್ಲಿ ಪ್ರತಿಯೊಬ್ಬರೂ ತಮ್ಮ ನಂಬಿಕೆಯಂತೆ ಆಚರಿಸುವ ಸ್ವಾತಂತ್ರ್ಯವೂ ಅದರಲ್ಲಿ ಸೇರಿದೆಯೆಂದರು. ಒಂದೇ ಮಾತು ಎರಡೂ ಕಡೆಗೆ ಒದಗುವುದಾದರೆ, ನ್ಯಾಯಮೂರ್ತಿಗಳು ಅದನ್ನು ಸಮಾನತೆ, ಅಸ್ಪೃಶ್ಯತೆಯ ನಿಷೇಧ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದಂಥ ಬರೆದಿಟ್ಟ ವಿಧಿಗಳಿಗೆ ಗಟ್ಟಿಯಾಗಿ ಕಟ್ಟಿಹಾಕಬೇಕು. ಇಲ್ಲವಾದರೆ ಅವರ ಸ್ವಂತ ಅಭಿಪ್ರಾಯವೇ ಸಂವಿಧಾನದ ಹೆಸರಿನಲ್ಲಿ ತೀರ್ಪಾಗುವ ಅಪಾಯವಿದೆ.

ಅಂಬೇಡ್ಕರ್ ಅವರ ಹಳೆಯ ಅರ್ಥವೇ ನನಗೆ ಹೆಚ್ಚು ಅಗತ್ಯವೆನಿಸುತ್ತದೆ, ಅದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪು ತಿಳುವಳಿಕೆ ನೀಡಿ ಪಡೆಯಲಾಗಿದೆಯೆಂದು ಮತ್ತೆ ಬರೆದರು; ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧರಿದ್ದರು. ಆದರೂ 21ರಂದು 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಘೋಷಣೆಯಾಗಿ ಸರ್ಕಾರ ವಜಾ ಆಯಿತು. ಅಧಿಕಾರ ಕೊಡುವ ವಿಧಿ ಪುಸ್ತಕದಲ್ಲಿತ್ತು. ಅದನ್ನು ಬಳಸುವಾಗ ಇರಬೇಕಾದ ಸಂಯಮ ಇರಲಿಲ್ಲ. ಆ ಘೋಷಣೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರ ಬಂದಾಗಿತ್ತು. ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ, ಆದರೆ ಬಹುಮತದ ಪರೀಕ್ಷೆ ರಾಜಭವನದಲ್ಲಿ ನಡೆಯದೆ ಸದನದಲ್ಲೇ ನಡೆಯಬೇಕೆಂಬ ನಿಯಮ ಅಂದಿನಿಂದ ಗಟ್ಟಿಯಾಯಿತು.